ಕೊರಿಯನ್ ಧಾರಾವಾಹಿಯ ಪ್ರೀತಿ ಬಾಲ್ಯದ ಗಾಯವನ್ನು ಮಾಯಿಸಬಲ್ಲುದೆ? – ಮನಶ್ಶಾಸ್ತ್ರಜ್ಞೆಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಹೆಸರು ಬೇಡವೆಂದು ಕೋರಿದ ಸದಸ್ಯೆ, ದಾವಣಗೆರೆ):

ಮೇಡಂ, ನಮಸ್ಕಾರ. ನನಗೆ 31 ವರ್ಷ, ಮದುವೆಯಾಗಿ ಎರಡು ವರ್ಷವಾಗಿದೆ. ನಾನು ಚಿಕ್ಕವಳಿದ್ದಾಗ ನಮ್ಮ ತಂದೆಯವರು ಬೆಲ್ಟಿನಿಂದ ಹೊಡೆಯುತ್ತಿದ್ದರು. ಆ ಬೆಲ್ಟು ನಡುಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು; ತಂದೆಯವರು ಊರಿನಲ್ಲಿ ಇಲ್ಲದ ದಿನವೂ ನಾನು ಆ ಬಾಗಿಲನ್ನು ದಾಟುವಾಗ ಎದುರು ಗೋಡೆಗೆ ಒತ್ತಿಕೊಂಡೇ ಹೋಗುತ್ತಿದ್ದೆ. ಈಗಲೂ ಅಡುಗೆಮನೆಯಲ್ಲಿ ನಮ್ಮ ಯಜಮಾನರ ಕೈಯಿಂದ ಒಂದು ಸ್ಟೀಲ್ ಡಬ್ಬಿ ಜಾರಿ ಬಿದ್ದರೆ ನನ್ನ ಕೈಕಾಲು ತಣ್ಣಗಾಗಿ, ಹತ್ತು ನಿಮಿಷ ಮಾತೇ ಹೊರಡುವುದಿಲ್ಲ. ಅವರು ನನ್ನ ಮೇಲೆ ಒಮ್ಮೆಯೂ ದನಿ ಎತ್ತಿದವರಲ್ಲ.

ಕಳೆದ ತಿಂಗಳು ‘ಇಟ್ಸ್ ಓಕೆ ಟು ನಾಟ್ ಬಿ ಓಕೆ’ ಎಂಬ ಕೊರಿಯನ್ ಧಾರಾವಾಹಿಯನ್ನು ನೋಡಿ ಮುಗಿಸಿದೆ. ತಾಯಿಯ ಕ್ರೌರ್ಯದಲ್ಲಿ ಬೆಳೆದ ನಾಯಕಿ ಕೋ ಮೂನ್‌ಯಂಗ್, ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಮೂನ್ ಗ್ಯಾಂಗ್‌ಟೇ ಎಂಬುವನ ಪ್ರೀತಿಯಿಂದ ನಿಧಾನವಾಗಿ ಬದಲಾಗುವುದನ್ನು ನೋಡುತ್ತಾ ಬಹಳ ಅತ್ತೆ. ಆಮೇಲೆ ನನ್ನ ಗಂಡನ ಮೇಲೆ ವಿನಾಕಾರಣ ಸಿಟ್ಟು ಬರತೊಡಗಿತು. ಅವರಿಗೂ ತೋರಿಸಿದೆ, ಎರಡನೆಯ ಕಂತಿನಲ್ಲೇ ನಿದ್ದೆ ಹೋದರು. ನಿಜವಾದ ಪ್ರೀತಿ ಸಿಕ್ಕರೆ ಇಂತಹ ಗಾಯ ಮಾಯುತ್ತದೆಯೇ? ಮಾಯುವುದಾದರೆ ನನ್ನದು ಏಕೆ ಮಾಯುತ್ತಿಲ್ಲ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್):

ನಮಸ್ಕಾರ. ಮೊದಲಿಗೆ, ಎರಡನೆಯ ಕಂತಿನಲ್ಲಿ ನಿದ್ದೆ ಹೋಗುವುದು ಪ್ರೀತಿಯ ಕೊರತೆಯ ಲಕ್ಷಣವಲ್ಲ ಎಂದು ನಿಮ್ಮ ಯಜಮಾನರ ಪರವಾಗಿ ಒಂದು ಮಾತು ಹೇಳಿಬಿಡುತ್ತೇನೆ.

2020ರಲ್ಲಿ ಬಂದ ಆ 16 ಕಂತುಗಳ ಧಾರಾವಾಹಿಯನ್ನು ನಾನೂ ನೋಡಿದ್ದೇನೆ. ಚಿಕಿತ್ಸೆಗೆ ಬರುವ ಯುವತಿಯರು ಪದೇ ಪದೇ ಅದರ ಹೆಸರು ಹೇಳುತ್ತಿದ್ದುದರಿಂದ ನೋಡಬೇಕಾಯಿತು. ಕೊರಿಯನ್ ಭಾಷೆಯಲ್ಲಿ ಅದರ ಹೆಸರಿನ ಅರ್ಥ ಹೆಚ್ಚು ಕಡಿಮೆ ‘ಸೈಕೋ ಆದರೂ ಪರವಾಗಿಲ್ಲ’ ಎಂದಾಗುತ್ತದೆ. ಅದು ಕೆಲವು ಸಂಗತಿಗಳನ್ನು ನಮ್ಮ ಪಠ್ಯಪುಸ್ತಕಗಳಿಗಿಂತ ಚೆನ್ನಾಗಿ ತೋರಿಸುತ್ತದೆ, ಕೆಲವನ್ನು ಪೂರ್ತಿ ತಪ್ಪಾಗಿ ತೋರಿಸುತ್ತದೆ, ಮತ್ತು ನಿಮ್ಮ ಸಿಟ್ಟು ಹುಟ್ಟಿರುವುದು ಈ ಎರಡೂ ಬೆರೆತುಹೋಗಿರುವ ಕಡೆಯಲ್ಲಿ.

ಗ್ಯಾಂಗ್‌ಟೇ ಆಕೆಗೆ ಚಿಟ್ಟೆಯಪ್ಪುಗೆಯನ್ನು ಕಲಿಸುವ ದೃಶ್ಯವನ್ನು ನೆನಪಿಸಿಕೊಳ್ಳಿ. ಎರಡು ಕೈಗಳನ್ನೂ ಎದೆಯ ಮೇಲೆ ಅಡ್ಡಲಾಗಿಟ್ಟು, ಎಡ ಬಲಗಳನ್ನು ಒಂದಾದ ಮೇಲೊಂದರಂತೆ ಮೆಲ್ಲಗೆ ತಟ್ಟಿಕೊಳ್ಳುವ ವಿಧಾನವದು. ಇದು ಚಿತ್ರಕಥೆಗಾರರ ಕಲ್ಪನೆಯಲ್ಲ. 1998ರಲ್ಲಿ ಮೆಕ್ಸಿಕೋದ ಅಕಾಪುಲ್ಕೋದಲ್ಲಿ, ಪಾಲಿನ್ ಚಂಡಮಾರುತದಿಂದ ತತ್ತರಿಸಿದ್ದ ಜನರೊಂದಿಗೆ ಕೆಲಸ ಮಾಡುತ್ತಿದ್ದ ಲುಸಿನಾ ಅರ್ಟಿಗಾಸ್ ಮತ್ತು ಇಗ್ನಾಸಿಯೊ ಹರೆರೊ ಇದನ್ನು ರೂಪಿಸಿದರು. ಇದರಲ್ಲಿ ಯಾರೂ ನಿಮ್ಮನ್ನು ಅಪ್ಪಿಕೊಳ್ಳುವುದಿಲ್ಲ, ನಿಮ್ಮನ್ನು ನೀವೇ ಅಪ್ಪಿಕೊಳ್ಳುತ್ತೀರಿ. ಅಂದರೆ ನಾಯಕ ಆಕೆಗೆ ಕೊಟ್ಟದ್ದು ತನ್ನ ತೋಳುಗಳನ್ನಲ್ಲ; ತಾನು ಪಕ್ಕದಲ್ಲಿ ಇಲ್ಲದಾಗಲೂ ಆಕೆಯ ಬಳಿ ಉಳಿಯುವ ಒಂದು ಉಪಾಯವನ್ನು. ನೋಡುವವರ ಕಣ್ಣು ಆತನ ಮುಖದ ಮೇಲಿರುವುದರಿಂದ ಈ ಸಂಗತಿ ತಪ್ಪಿಹೋಗುತ್ತದೆ.

ಇನ್ನೊಂದು ದೃಶ್ಯ ಕೂದಲಿನದು. ತಾಯಿಗೆ ಮಗಳ ನೀಳ ಕೂದಲೆಂದರೆ ಇಷ್ಟವಿತ್ತು, ಆದ್ದರಿಂದ ದೊಡ್ಡವಳಾದ ಮೇಲೂ ಆಕೆ ಅದನ್ನು ಕತ್ತರಿಸಿರಲಿಲ್ಲ. ಒಂದು ದಿನ ತಾನೇ ಕತ್ತರಿ ಹಿಡಿದು, ಅಂಕುಡೊಂಕಾಗಿ, ಸಿಕ್ಕಂತೆ ಕತ್ತರಿಸಿಕೊಳ್ಳುತ್ತಾಳೆ. ಆ ಮೇಲೆ ಗ್ಯಾಂಗ್‌ಟೇ ಆಕೆಯನ್ನು ಕೂರಿಸಿ ಅದರ ತುದಿಗಳನ್ನು ಸಮ ಮಾಡುತ್ತಾನೆ. ನನ್ನ ಮಟ್ಟಿಗೆ ಇಡೀ ಧಾರಾವಾಹಿಯ ತಿರುಳು ಆ ಕ್ರಮದಲ್ಲಿದೆ. ಕತ್ತರಿ ಮೊದಲು ಆಕೆಯ ಕೈಯಲ್ಲೇ ಇತ್ತು. ಅವನೇ ಕತ್ತರಿಸಿದ್ದರೆ ತಾಯಿಯ ಜಾಗಕ್ಕೆ ಇನ್ನೊಬ್ಬ ಯಜಮಾನ ಬಂದಂತಾಗುತ್ತಿತ್ತು, ಅಷ್ಟೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡಬೇಕೆಂದರೆ, ಪ್ರೀತಿ ಔಷಧವಲ್ಲ, ಔಷಧ ಹಿಡಿಯುವಂತಹ ಮೈಯನ್ನು ಅದು ಸಿದ್ಧ ಮಾಡುತ್ತದೆ. ಬಾಲ್ಯದಲ್ಲಿ ಭದ್ರವಾದ ಆಸರೆ ಸಿಗದವರು ದೊಡ್ಡವರಾದ ಮೇಲೆ ಒಳ್ಳೆಯ ಸಂಗಾತಿ, ಸ್ನೇಹಿತರು ಅಥವಾ ಚಿಕಿತ್ಸಕರ ಒಡನಾಟದಲ್ಲಿ ಅಂತಹ ಭದ್ರತೆಯನ್ನು ಗಳಿಸಿಕೊಳ್ಳಬಲ್ಲರು ಎಂಬುದನ್ನು ನಮ್ಮ ಶಾಸ್ತ್ರವೂ ಒಪ್ಪುತ್ತದೆ. ಅದನ್ನು ನಾವು ಗಳಿಸಿದ ಭದ್ರತೆ ಎಂದೇ ಕರೆಯುತ್ತೇವೆ. ಆದರೆ ಡಬ್ಬಿ ಬಿದ್ದಾಗ ತಣ್ಣಗಾಗುವುದು ನಿಮ್ಮ ನಿರ್ಧಾರದಿಂದ ನಡೆಯುವ ಕೆಲಸವಲ್ಲ. ಸದ್ದಾದರೆ ಪೆಟ್ಟು ಬೀಳುತ್ತದೆ ಎಂಬ ಪಾಠವನ್ನು ಆ ಮೈ ವರ್ಷಗಟ್ಟಲೆ ಕಲಿತಿದೆ, ಮತ್ತು ಸದ್ದಾದರೂ ಪೆಟ್ಟು ಬೀಳಲಿಲ್ಲ ಎಂಬ ಹೊಸ ಪಾಠವನ್ನು ಅದು ನೂರಾರು ಸಲ, ಬೇಸರವಾಗುವಷ್ಟು ಸಲ, ಕಲಿಯಬೇಕಾಗುತ್ತದೆ. ನಿಮ್ಮ ಯಜಮಾನರು ಎರಡು ವರ್ಷಗಳಲ್ಲಿ ಒಮ್ಮೆಯೂ ದನಿ ಎತ್ತಿಲ್ಲ ಎಂದು ನೀವೇ ಬರೆದಿದ್ದೀರಿ. ಆ ಪಾಠ ನಡೆಯುತ್ತಲೇ ಇದೆ, ಅದಕ್ಕೆ ಹಿನ್ನೆಲೆ ಸಂಗೀತವಿಲ್ಲದ ಕಾರಣ ನಿಮಗೆ ಕೇಳಿಸುತ್ತಿಲ್ಲ.

ಧಾರಾವಾಹಿ ಎಡವಿದ್ದು ವೇಗದಲ್ಲಿ; ನೂರಾರು ಸಲ ಕಲಿಯಬೇಕಾದ ಪಾಠವನ್ನು ಅದು 16 ಕಂತುಗಳಲ್ಲಿ ಮುಗಿಸಿಬಿಡುತ್ತದೆ. ಬೇರೆ ತಪ್ಪುಗಳೂ ಇವೆ. ಗ್ಯಾಂಗ್‌ಟೇ ಬೇಡವೆಂದರೂ ಮೂನ್‌ಯಂಗ್ ಅವನ ಬೆನ್ನು ಹತ್ತುವುದನ್ನು, ಬೇಕೆನಿಸಿದ್ದನ್ನು ಕಿತ್ತುಕೊಳ್ಳುವುದನ್ನು ಅದು ಮುದ್ದಾಗಿ ತೋರಿಸುತ್ತದೆ; ಅದೇ ಕೆಲಸವನ್ನು ಒಬ್ಬ ಗಂಡಸು ಮಾಡಿದ್ದರೆ ನಾವು ಪೊಲೀಸರಿಗೆ ಹೇಳುತ್ತಿದ್ದೆವು. ಕೊನೆಯ ಕಂತುಗಳ ಕೊಲೆಯ ತಿರುವು ನನಗಂತೂ ಬೇಡವಾಗಿತ್ತು. ನಿಜ ಜೀವನದಲ್ಲಿ ಹಿಂಸಿಸಿದವರು ಖಳರಂತೆ ಬಂದು ಸೋತು ಹೋಗುವುದಿಲ್ಲ. ಹಬ್ಬಕ್ಕೆ ಬರುತ್ತಾರೆ, ಪಾಯಸ ಬಡಿಸೆನ್ನುತ್ತಾರೆ.

ಮರುಪ್ರಶ್ನೆ (ಸದಸ್ಯ, ಮೈಸೂರು):

ಮೇಡಂ, ನಾನು ಆಚೆ ದಡದಲ್ಲಿರುವವನು. ನನ್ನ ಹೆಂಡತಿಗೂ ಚಿಕ್ಕಂದಿನಲ್ಲಿ ಇಂತಹದೇ ಅನುಭವವಾಗಿದೆ. ಹಿಂದಿನಿಂದ ಹೆಗಲ ಮೇಲೆ ಕೈಯಿಟ್ಟರೆ ಬೆಚ್ಚಿಬೀಳುತ್ತಾಳೆ. ಏನು ಮಾಡಿದರೂ ತಪ್ಪಾಗುತ್ತದೆಯೋ ಎಂಬ ಭಯ ನನಗೆ. ಗಂಡನಾದವನು ಏನು ಮಾಡಬೇಕು?

ಉತ್ತರ:

ಹಿಂದಿನಿಂದ ಮುಟ್ಟಬೇಡಿ ಸರ್, ಮುಟ್ಟುವ ಮೊದಲು ದನಿ ಮಾಡಿ. ಇದು ತೀರಾ ಸಣ್ಣದೆನಿಸಬಹುದು, ಆದರೆ ನಾನು ದಂಪತಿಗಳಿಗೆ ಹೇಳುವ ಮೊದಲ ಮಾತೇ ಇದು. ಏಳು ಗಂಟೆಗೆ ಬರುತ್ತೇನೆಂದರೆ ಏಳಕ್ಕೆ ಬನ್ನಿ, ತಡವಾಗುವುದಾದರೆ ಫೋನ್ ಮಾಡಿ. ಊಹಿಸಲಾಗದ ಮನೆಯಲ್ಲಿ ಬೆಳೆದವರಿಗೆ ಊಹಿಸಬಹುದಾದ ಗಂಡನೇ ದೊಡ್ಡ ಉಡುಗೊರೆ. ಏನೇನಾಯಿತೆಂದು ವಿವರ ಕೇಳಿ ಕೆದಕಬೇಡಿ, ಅವರಾಗಿ ಹೇಳಿದರೆ ಪೂರ್ತಿ ಕೇಳಿ. ಮಾವನವರ ಮನೆಗೆ ಹೋಗಿ ಜಗಳ ತೆಗೆಯುವುದಂತೂ ಬೇಡವೇ ಬೇಡ, ಆ ಲೆಕ್ಕವನ್ನು ತೀರಿಸಬೇಕೋ ಬಿಡಬೇಕೋ ಎಂಬುದನ್ನು ತೀರ್ಮಾನಿಸುವ ಹಕ್ಕು ನಿಮ್ಮ ಹೆಂಡತಿಯದು.

ಅದೇ ಧಾರಾವಾಹಿಯಲ್ಲಿ ಆಕೆಗೆ ಕೆಟ್ಟ ಕನಸು ಬೀಳುವ ರಾತ್ರಿಯೊಂದಿದೆ. ಗ್ಯಾಂಗ್‌ಟೇ ಓಡಿ ಬಂದಾಗ ಆಕೆ ಹೊರಟುಹೋಗು ಎನ್ನುತ್ತಾಳೆ, ಆದರೆ ಕೈ ಅವನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಮಾತು ಒಂದು ಹೇಳುವಾಗ ಕೈ ಇನ್ನೊಂದು ಹೇಳುವುದನ್ನು ಇಂತಹ ಮನೆಗಳಲ್ಲಿ ನೀವು ಮತ್ತೆ ಮತ್ತೆ ಕಾಣುತ್ತೀರಿ. ಆಗ ಏನು ಮಾಡುವುದೆಂದು ಊಹಿಸಲು ಹೋಗಬೇಡಿ. ಶಾಂತವಾಗಿರುವ ಇನ್ನೊಂದು ದಿನ, ಚಹಾ ಕುಡಿಯುವಾಗ, ‘ಅಂತಹ ಹೊತ್ತಿನಲ್ಲಿ ನಾನು ಪಕ್ಕದಲ್ಲಿ ಕೂರಲೋ, ಆಚೆ ಕೋಣೆಯಲ್ಲಿರಲೋ?’ ಎಂದು ಕೇಳಿ ಇಟ್ಟುಕೊಳ್ಳಿ.

ನಿಮ್ಮ ಬಗ್ಗೆಯೂ ಒಂದು ಮಾತು. ಗ್ಯಾಂಗ್‌ಟೇ ಆಟಿಸಂ ಇರುವ ಅಣ್ಣನನ್ನು ನೋಡಿಕೊಳ್ಳುವುದಕ್ಕೇ ಹುಟ್ಟಿದವನೆಂದು ತಾಯಿಯಿಂದ ಕೇಳಿಸಿಕೊಂಡು ಬೆಳೆದವನು. ಆತನ ಸಹನೆಯಲ್ಲಿ ಅರ್ಧ ಗುಣ, ಇನ್ನರ್ಧ ಗಾಯ. ಸದಾ ಸಹಿಸುವ ಗಂಡನಾಗುವುದು ನಿಮ್ಮ ಗುರಿಯಾಗದಿರಲಿ. ದಣಿದಾಗ ದಣಿದಿದ್ದೇನೆಂದು ಹೇಳಿ.

ಮರುಪ್ರಶ್ನೆ (ಹಿರಿಯ ಸದಸ್ಯ, ಹುಬ್ಬಳ್ಳಿ):

ನಮ್ಮ ಕಾಲದಲ್ಲಿ ಎಲ್ಲರೂ ಏಟು ತಿಂದೇ ಬೆಳೆದವರು. ದಂಡಂ ದಶಗುಣಂ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಎಲ್ಲವನ್ನೂ ದೌರ್ಜನ್ಯವೆನ್ನುವುದು ಆ ದೇಶದವರ ಹೊಸ ಸಂಸ್ಕೃತಿಯಲ್ಲವೇ?

ಉತ್ತರ:

ಹಿರಿಯರೇ, ಆ ದೇಶದ ಸಂಗತಿ ಹೇಳಿದರೆ ನಿಮಗೆ ಆಶ್ಚರ್ಯವಾದೀತು. ಕೊರಿಯಾದಲ್ಲಿಯೂ ‘ಪ್ರೀತಿಯ ಬೆತ್ತ’ ಎಂಬ ಮಾತು ತಲೆಮಾರುಗಳಿಂದ ಬಳಕೆಯಲ್ಲಿದೆ. ಮಗುವನ್ನು ಶಿಸ್ತಿಗೆ ತರುವ ಹಕ್ಕನ್ನು ತಂದೆತಾಯಿಗೆ ಕೊಟ್ಟಿದ್ದ ವಿಧಿಯೊಂದು ದಕ್ಷಿಣ ಕೊರಿಯಾದ 1958ರ ನಾಗರಿಕ ಸಂಹಿತೆಯಲ್ಲಿತ್ತು. ಮನೆಯೊಳಗೆ ಮಕ್ಕಳು ಸತ್ತ ಪ್ರಕರಣಗಳು ಜನರನ್ನು ಕೆರಳಿಸಿದ ಮೇಲೆ, 2021ರ ಜನವರಿಯಲ್ಲಿ ಅದನ್ನು ತೆಗೆದುಹಾಕಲಾಯಿತು. ಈ ಧಾರಾವಾಹಿ ಬಂದ ಮರುವರ್ಷದ ಮಾತಿದು. ಆ ಕಥೆಗಳನ್ನು ಅಲ್ಲಿಯವರು ನೋಡಿ ಅಳುವುದು ಅದು ಪರದೇಶದ ವಿಚಾರವೆಂದಲ್ಲ, ತಮ್ಮದೇ ನಡುಮನೆಯದೆಂದು. ನಮ್ಮಲ್ಲಿಯೂ 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದೆ.

ಏಟು ತಿಂದವರೆಲ್ಲರೂ ಕುಸಿದುಹೋಗುತ್ತಾರೆಂದು ನಾನು ಹೇಳುತ್ತಿಲ್ಲ. ಆದರೆ ಅಪ್ಪ ಊರಿನಲ್ಲಿ ಇಲ್ಲದ ದಿನವೂ ಗೋಡೆಗೆ ಒತ್ತಿಕೊಂಡು ನಡೆದ ಮಗು ಯಾವ ಶಿಸ್ತನ್ನು ಕಲಿತಿತೆಂದು ತಾವೇ ಯೋಚಿಸಿ ನೋಡಿ.

ಮರುಪ್ರಶ್ನೆ (ಸದಸ್ಯೆ, ಬೆಂಗಳೂರು):

‘ಇಟ್ಸ್ ಓಕೆ, ದಟ್ಸ್ ಲವ್’ ಎಂಬ ಇನ್ನೊಂದು ಕೊರಿಯನ್ ಧಾರಾವಾಹಿಯಲ್ಲಿ ನಾಯಕಿಯೇ ಮನೋವೈದ್ಯೆ. ಹಾಗಾದರೆ ಸಂಗಾತಿಯೇ ಚಿಕಿತ್ಸೆ ಮಾಡಬಹುದಲ್ಲವೇ?

ಉತ್ತರ:

ಇಲ್ಲ, ಮತ್ತು 2014ರ ಆ ಧಾರಾವಾಹಿಯ ದೊಡ್ಡತನವೇ ಅದು ಹಾಗೆ ಹೇಳದಿರುವುದು. ಅದರ ನಾಯಕ, ಕಾದಂಬರಿಕಾರ ಜಾಂಗ್ ಜೇಯೊಲ್ ಮಲತಂದೆಯ ಹೊಡೆತಕ್ಕೆ ಹೆದರಿ ಬೆಳೆದವನು. ದೊಡ್ಡವನಾದ ಮೇಲೂ ಬಚ್ಚಲುಮನೆಯಲ್ಲಿ ಮಾತ್ರ ಅವನಿಗೆ ನಿದ್ದೆ ಹತ್ತುತ್ತದೆ. ತನ್ನ ಹಾಗೆಯೇ ಏಟು ತಿನ್ನುವ ಕಾಂಗ್‌ವೂ ಎಂಬ ಹುಡುಗನೊಂದಿಗೆ ಅವನಿಗೆ ಸಲಿಗೆ, ಆದರೆ ಆ ಹುಡುಗ ಬೇರೆ ಯಾರ ಕಣ್ಣಿಗೂ ಕಾಣುವುದಿಲ್ಲ. ಪ್ರೀತಿ ಗಟ್ಟಿಯಾಗಿದ್ದ ಕಾಲದಲ್ಲೇ ರೋಗ ಉಲ್ಬಣಿಸುತ್ತದೆ. ಆಸ್ಪತ್ರೆ ಮತ್ತು ಮಾತ್ರೆಗಳು ಬೇಕಾಗುತ್ತವೆ. ಪ್ರೇಯಸಿ ಹೇಸೂ ಮನೋವೈದ್ಯೆಯಾಗಿದ್ದರೂ ಅವನ ಚಿಕಿತ್ಸೆಗೆ ಬೇರೆ ವೈದ್ಯರಿರುತ್ತಾರೆ.

ಕೊನೆಗೆ ಆತ ಆ ಹುಡುಗನ ಬರಿಗಾಲುಗಳನ್ನು ತೊಳೆದು, ಬೂಟು ಕೊಟ್ಟು ಬೀಳ್ಕೊಡುತ್ತಾನೆ. ಹೊಡೆತ ತಿಂದ ಮಗುವನ್ನು ಓಡಿಸದೆ, ಕಾಲು ತೊಳೆದು ಕಳಿಸುವ ಆ ಬಗೆಯನ್ನು ನೋಡಿ ನಾನು, ದಿನವೂ ಇದೇ ಕೆಲಸ ಮಾಡುವವಳು, ಸ್ವಲ್ಪ ಹೊತ್ತು ಟಿ.ವಿ. ನಿಲ್ಲಿಸಿ ಕುಳಿತಿದ್ದೆ.

ಪ್ರಶ್ನೆ (ದಾವಣಗೆರೆಯ ಸದಸ್ಯೆ, ಮತ್ತೆ):

ಧನ್ಯವಾದಗಳು ಮೇಡಂ. ನಿನ್ನೆ ರಾತ್ರಿ ನಿಮ್ಮ ಉತ್ತರವನ್ನು ಅವರಿಗೆ ಓದಿ ಹೇಳಿದೆ. ಬೆಳಗ್ಗೆ ಎದ್ದು ನೋಡಿದರೆ ಮೇಲಿನ ಶೆಲ್ಫಿನಲ್ಲಿದ್ದ ಸ್ಟೀಲ್ ಡಬ್ಬಿಗಳನ್ನೆಲ್ಲ ಕೆಳಗಿನ ಸಾಲಿಗೆ ಇಳಿಸಿಟ್ಟಿದ್ದರು. ಚಿಕಿತ್ಸೆಗೆ ಎಲ್ಲಿಗೆ ಹೋಗಬೇಕು? ಅವರೂ ಬರಬೇಕೇ? ಧಾರಾವಾಹಿಯನ್ನು ಅವರು ಪೂರ್ತಿ ನೋಡುವುದು ಒಳ್ಳೆಯದೇ?

ಉತ್ತರ:

ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ಹತ್ತಿರದಲ್ಲಿ ಎಲ್ಲಿಗೆ ಹೋಗಬಹುದೆಂದೂ ಅಲ್ಲಿ ವಿಚಾರಿಸಿ. ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗದಿಂದಲೂ ಆರಂಭಿಸಬಹುದು, ಬೆಂಗಳೂರಿಗೆ ಬರಲು ಸಾಧ್ಯವಿದ್ದರೆ ನಿಮ್ಹಾನ್ಸ್ ಇದೆ. ಮೊದಲ ಭೇಟಿಯಲ್ಲೇ ಎಲ್ಲವನ್ನೂ ಹೇಳಬೇಕಾಗಿಲ್ಲ. ಒಳ್ಳೆಯ ಚಿಕಿತ್ಸಕರು ಮೊದಲು ನಿಮ್ಮ ನಿದ್ದೆ, ಊಟ, ಈಗಿನ ಸುರಕ್ಷತೆಯ ಬಗ್ಗೆ ಕೇಳುತ್ತಾರೆ, ಬೆಲ್ಟಿನ ಮಾತಿಗೆ ಬರಲು ವಾರಗಳೇ ಹಿಡಿಯಬಹುದು. ಯಾರಾದರೂ ಮೊದಲ ದಿನವೇ ‘ತಂದೆಯನ್ನು ಕ್ಷಮಿಸಿಬಿಡಿ’ ಎಂದು ಉಪದೇಶಿಸಿದರೆ ಬೇರೆಯವರನ್ನು ಹುಡುಕಿಕೊಳ್ಳಿ.

ಯಜಮಾನರು ಮೊದಲ ದಿನ ಜೊತೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರೆ ಸಾಕು. ಡಬ್ಬಿಗಳನ್ನು ಇಳಿಸಿಟ್ಟವರು ಉಳಿದ 14 ಕಂತುಗಳನ್ನು ನೋಡಲೇಬೇಕೆಂದೇನೂ ಇಲ್ಲ.