ಭ್ರೂಣದ ನಡುಹಂತವೇ ಏಕೆ ಅಷ್ಟೊಂದು ಬದಲಾಗದೆ ಉಳಿದಿದೆ?

ಪ್ರಶ್ನೆ: ಮೇಡಂ, ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಮೀನು, ಕೋಳಿ, ಇಲಿಗಳ ಭ್ರೂಣಗಳು ಬೆಳವಣಿಗೆಯ ನಡುವಿನಲ್ಲಿಯೇ ಹೆಚ್ಚು ಹೋಲುತ್ತವೆ ಎಂದು ಹೇಳಿದಾಗ, ಅಡಿಪಾಯ ಅಲುಗಿದರೆ ಮನೆಯೇ ಕುಸಿಯುವುದರಿಂದ ತೀರ ಮೊದಲ ಹಂತವೇ ಬದಲಾಗದೆ ಉಳಿಯಬೇಕಿತ್ತಲ್ಲವೇ ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಏನು ಹೇಳಲಿ?

ಉತ್ತರ: ಹತ್ತೊಂಬತ್ತನೆಯ ಶತಮಾನದಲ್ಲಿ ಭ್ರೂಣವಿಜ್ಞಾನಿ ಫಾನ್ ಬೇರ್ ಅವರೂ ಹೆಚ್ಚುಕಡಿಮೆ ಹಾಗೆಯೇ ಯೋಚಿಸಿದ್ದರು, ಆದ್ದರಿಂದ ಹುಡುಗನ ತರ್ಕ ಹಗುರವಾದುದಲ್ಲ. ಆದರೆ ಆರಂಭದ ಹಂತಗಳು ನಿಜಕ್ಕೂ ಬಹಳ ಭಿನ್ನ. ಕಪ್ಪೆಯ ಮೊಟ್ಟೆ ಇಡಿಯಾಗಿ ವಿಭಜನೆಗೊಳ್ಳುತ್ತದೆ, ಕೋಳಿಯಲ್ಲಿ ಹಳದಿಯ ಮೇಲಿನ ಪುಟ್ಟ ಬಿಲ್ಲೆಯಷ್ಟೇ ವಿಭಜನೆಗೊಳ್ಳುತ್ತದೆ, ಇಲಿಯ ಭ್ರೂಣವಂತೂ ಮೊದಲು ಮಾಸಿನ (ಗರ್ಭದಲ್ಲಿ ತಾಯಿಯಿಂದ ಪೋಷಣೆ ಪಡೆಯುವ ಅಂಗದ) ಸಿದ್ಧತೆಗೆ ತೊಡಗುತ್ತದೆ. ಅನಂತರ ಕಿವಿರು ಕಮಾನುಗಳೂ ಬೆನ್ನಿನುದ್ದದ ಖಂಡಗಳೂ ಕಾಣುವ ಹಂತದಲ್ಲಿ (ಜೀಬ್ರಾಫಿಶ್‌ನಲ್ಲಿ ಇದು ಫಲೀಕರಣವಾದ ಸುಮಾರು 24 ಗಂಟೆಗೆ ಆರಂಭವಾಗುತ್ತದೆ) ಎಲ್ಲವೂ ಒಂದೇ ಅಚ್ಚಿಗೆ ಹತ್ತಿರ ಬಂದು, ಮತ್ತೆ ಕವಲೊಡೆಯುತ್ತವೆ. ನಡು ಸಣ್ಣದಾದ ಮರಳು ಗಡಿಯಾರಕ್ಕೆ ಇದನ್ನು ಹೋಲಿಸುವುದು ಅದಕ್ಕಾಗಿಯೇ. ಭ್ರೂಣಗಳು ಇನ್ನೂ ಹೆಚ್ಚು ಹೋಲುವಂತೆ ಜೀವಶಾಸ್ತ್ರಜ್ಞ ಹೆಕೆಲ್ ಅವರು ತಿದ್ದಿದ ಚಿತ್ರಗಳನ್ನು ಮಾತ್ರ ದಯವಿಟ್ಟು ತೋರಿಸಬೇಡಿ. 2011ರಲ್ಲಿ ಇರಿಯೆ ಮತ್ತು ಕುರಾತಾನಿ ಅವರು ಇಲಿ, ಕೋಳಿ, ಕಪ್ಪೆ, ಜೀಬ್ರಾಫಿಶ್‌ಗಳ ಜೀನ್ ಅಭಿವ್ಯಕ್ತಿಯನ್ನು (ಯಾವ ಜೀನ್ ಯಾವಾಗ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು) ಹೋಲಿಸಿದಾಗಲೂ ಈ ನಡುಹಂತವೇ ಹೆಚ್ಚು ಸಂರಕ್ಷಿತವೆಂದು, ಅಂದರೆ ಬದಲಾಗದೆ ಉಳಿದದ್ದೆಂದು, ಕಂಡುಬಂತು.

ಕಾರಣವೇನೆಂದರೆ, ಆ ಹಂತದಲ್ಲಿ ಆದ ಬದಲಾವಣೆಗಳನ್ನು ನಿಸರ್ಗದ ಆಯ್ಕೆ ಕಿತ್ತುಹಾಕುತ್ತದೆ ಎಂಬುದು ರೂಢಿಯ ಉತ್ತರ. ಒಂದೇ ಜೀನ್ ಹಲವು ಅಂಗಗಳ ರಚನೆಗೆ ಬಳಕೆಯಾಗುವಾಗ ಅದನ್ನು ಮುಟ್ಟುವುದು ಅಪಾಯವೇ ಸರಿ. ಆದರೆ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಇನ್ನೊಂದು ಸಾಧ್ಯತೆ: ಕಿತ್ತುಹಾಕುವಷ್ಟು ವ್ಯತ್ಯಾಸ ಅಲ್ಲಿ ಮೊದಲಿಗೇ ಹುಟ್ಟದಿರಬಹುದು. ಜಪಾನಿನ ಮೆಡಕ ಮೀನಿನ ಒಳಸಂಕರಣದ (ಹತ್ತಿರದ ಸಂಬಂಧಿಗಳನ್ನೇ ಕೂಡಿಸಿ ಬೆಳೆಸಿದ) ತಳಿಯಲ್ಲಿ ಒಡಹುಟ್ಟುಗಳ ಜೀನ್‌ಗಳು ಹೆಚ್ಚುಕಡಿಮೆ ಒಂದೇ. ಅಂತಹ ಭ್ರೂಣಗಳನ್ನು ಒಂದೇ ಪರಿಸ್ಥಿತಿಯಲ್ಲಿ ಬೆಳೆಸಿ ಆರ್‌ಎನ್‌ಎ (ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ತೋರಿಸುವ ಅಣು) ಅಳೆದರೆ, ಅಳತೆಯ ದೋಷವನ್ನು ಬಿಟ್ಟು ಉಳಿಯುವ ಏರುಪೇರು ಬೆಳವಣಿಗೆಯೊಳಗಿನ ಗದ್ದಲವೇ (ಆಕಸ್ಮಿಕ ಏರಿಳಿತವೇ) ಹೊರತು ಬೇರೇನಲ್ಲ. 2022ರಲ್ಲಿ ಪ್ರಕಟವಾದ ಇಂತಹ ಅಧ್ಯಯನದಲ್ಲಿ, ಜಾತಿಗಳ ನಡುವೆ ಹೆಚ್ಚು ಸಂರಕ್ಷಿತವಾದ ಹಂತಗಳಲ್ಲಿಯೇ ಈ ಗದ್ದಲ ಕಡಿಮೆಯಿತ್ತು, ಅಂದರೆ ಅವು ಹೆಚ್ಚು ಸ್ಥಿರವಾಗಿದ್ದವು.

ಇನ್ನೊಬ್ಬರ ಪ್ರಶ್ನೆ: ಆ ಸ್ಥಿರತೆಯೂ ಹಿಂದಿನ ಆಯ್ಕೆಯ ಫಲವೇ ಆಗಿರಬಾರದೇ?

ಉತ್ತರ: ಖಂಡಿತ ಆಗಿರಬಹುದು. ಏರುಪೇರನ್ನು ತಡೆದುಕೊಳ್ಳುವ ಭ್ರೂಣಗಳೇ ತಲೆಮಾರುಗಳುದ್ದಕ್ಕೂ ಉಳಿದು ಬಂದಿದ್ದರೆ ಎರಡು ವಿವರಣೆಗಳೂ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಮೇಲಿನ ಅಳತೆಗಳು ಸ್ಥಿರತೆ ಮತ್ತು ಸಂರಕ್ಷಣೆ ಜೊತೆಜೊತೆಯಾಗಿ ಸಾಗುತ್ತವೆಂದು ತೋರಿಸುತ್ತವೆಯೇ ಹೊರತು, ಯಾವುದು ಯಾವುದಕ್ಕೆ ಕಾರಣವೆಂದಲ್ಲ. ಅದನ್ನು ತಿಳಿಯಲು ನಡುಹಂತದ ಸ್ಥಿರತೆಯನ್ನು ಬೇಕೆಂದೇ ಕದಡಿ, ಹಲವು ತಲೆಮಾರುಗಳವರೆಗೆ ಮೀನುಗಳನ್ನು ಸಾಕಿ ನೋಡಬೇಕಾಗುತ್ತದೆ.