ಅಪ್ಪಾಜಿಗೆ ಆಲಿವ್ ಎಣ್ಣೆ ಕೊಡಬಹುದಾ? ಬಳಸಿದವರು ಅನುಭವ ಹೇಳಿ

ವಿದ್ಯಾನಗರ, ದಾವಣಗೆರೆ:
ಅಪ್ಪಾಜಿಗೆ 62 ವರ್ಷ. ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ ಬಂದಿದೆ. ಶೇಂಗಾ ಎಣ್ಣೆ ಪೂರ್ತಿ ಬಿಟ್ಟು ಆಲಿವ್ ಎಣ್ಣೆ ಶುರು ಮಾಡಿ ಅಂತ ಪರಿಚಯದವರು ಹೇಳುತ್ತಿದ್ದಾರೆ. ಏನು ಮಾಡಲಿ?

ನಿಟುವಳ್ಳಿಯಿಂದ:
ಅಕ್ಕ, ನಮ್ಮ ಅಮ್ಮನಿಗೂ ಹೀಗೇ ಆಗಿತ್ತು. ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಶೇಂಗಾ ಎಣ್ಣೆ ಎಂದಿನ ಹಾಗೇ ಸುರಿಯುತ್ತಿದ್ದೆ. ಅದರ ಮೇಲೆ, ಒಳ್ಳೇದು ಅಂತ ಎರಡು ಚಮಚ ಆಲಿವ್ ಎಣ್ಣೆ. ಯಾವ ಎಣ್ಣೆಯಾದರೂ ಗ್ರಾಮಿಗೆ 9 ಕ್ಯಾಲೊರಿ, ದೊಡ್ಡ ಚಮಚಕ್ಕೆ ಸುಮಾರು 120. ಅಮ್ಮನ ತೂಕ ಏರಿತು.

ಆಮೇಲೆ ಡಯಟಿಷಿಯನ್ ಒಬ್ಬರು ಲೆಕ್ಕ ಹಾಕಿಸಿದರು. ನಾವು ನಾಲ್ಕು ಜನ, ತಿಂಗಳಿಗೆ 5 ಲೀಟರ್ ಡಬ್ಬ ಖಾಲಿ. ಅಂದರೆ ಒಬ್ಬೊಬ್ಬರಿಗೆ ದಿನಕ್ಕೆ 38 ಗ್ರಾಂ! ಈಗ 3 ಲೀಟರಿಗೆ ಇಳಿಸಿದ್ದೇವೆ. ಬಾಣಲೆಗೆ ಡಬ್ಬ ಬಗ್ಗಿಸುವುದಿಲ್ಲ, ಚಮಚದಲ್ಲೇ ಅಳೆದು ಹಾಕುತ್ತೇನೆ.

ಆಲಿವ್ ಎಣ್ಣೆ ಒಳ್ಳೆಯದೇ. ನೂರಕ್ಕೆ ಎಪ್ಪತ್ತರಷ್ಟು ಒಲೀಕ್ ಆಮ್ಲ ಅನ್ನೋ ಒಳ್ಳೆಯ ಕೊಬ್ಬು, ಜೊತೆಗೆ ವಿಟಮಿನ್ ಇ. ಬೆಣ್ಣೆ, ಡಾಲ್ಡಾ ಬದಲು ಇದನ್ನು ತಿಂದರೆ ಕೆಟ್ಟ ಕೊಲೆಸ್ಟ್ರಾಲ್ ಇಳಿಯಲು ಸಹಾಯ ಆಗುತ್ತದೆ. ‘ಬದಲು’ ಅನ್ನೋದೇ ಮುಖ್ಯ, ಅಲ್ವಾ? ಬೆಣ್ಣೆ ದೋಸೆ ತಿಂದು ಬಂದು ಇದನ್ನೊಂದು ಚಮಚ ಕುಡಿದರೆ ಸರಿಹೋಗುವುದಿಲ್ಲ. ನಮ್ಮ ಶೇಂಗಾ ಎಣ್ಣೆಯಲ್ಲೂ ಒಲೀಕ್ ಆಮ್ಲ ಅರ್ಧದ ಹತ್ತಿರ ಇದೆ. ಚಳ್ಳಕೆರೆ ಎಣ್ಣೆಯಲ್ಲೇ ಬೆಳೆದ ನಾಲಿಗೆಗೆ ಅದನ್ನು ಪೂರ್ತಿ ಬಿಡಿಸಬೇಡಿ.

ನಮ್ಮಲ್ಲಿ ಒಗ್ಗರಣೆಗೆ ಶೇಂಗಾ ಎಣ್ಣೆ, ಹಸಿಯಾಗಿ ಆಲಿವ್. ಹೆಸರುಬೇಳೆ ಕೋಸಂಬರಿಗೆ ನಿಂಬೆಹಣ್ಣು ಹಿಂಡಿ ಒಂದು ಚಮಚ. ಬಿಸಿ ಜೋಳದ ರೊಟ್ಟಿ ಇದ್ದ ದಿನ ಶೇಂಗಾ ಚಟ್ನಿಪುಡಿ ನಡುವೆ ಗುಳಿ ಮಾಡಿ ಅರ್ಧ ಚಮಚ. ಮೊದಲ ಸಲ ಗಂಟಲಲ್ಲಿ ಸಣ್ಣಗೆ ಖಾರ ಹತ್ತಿತು. ‘ಎಣ್ಣೆ ಕೆಟ್ಟಿದೆ’ ಅಂದರು ಅಮ್ಮ. ಕೆಟ್ಟಿರಲಿಲ್ಲ. ಎಕ್ಸ್‌ಟ್ರಾ ವರ್ಜಿನ್ (ರಾಸಾಯನಿಕ ಹಾಕದೆ ಹಣ್ಣನ್ನೇ ಅರೆದು ತೆಗೆದ) ಎಣ್ಣೆಯಲ್ಲಿ ಪಾಲಿಫಿನಾಲ್ ಅನ್ನೋ ಸಸ್ಯದ ಅಂಶ ಇರುತ್ತದೆ, ಆ ಖಾರ ಅದರದ್ದೇ. ಈಗ ಅವರೇ ಕೇಳಿ ಹಾಕಿಸಿಕೊಳ್ಳುತ್ತಾರೆ.

ಡಾಕ್ಟರ್ ಮಾತ್ರೆ ಕೊಟ್ಟಿದ್ದರೆ ಮಾತ್ರ ದಯವಿಟ್ಟು ನಿಲ್ಲಿಸಬೇಡಿ.

ಚಿತ್ರದುರ್ಗದಿಂದ:
ಕೊಳ್ಳುವಾಗ ಲೇಬಲ್ ಓದಿ. ‘ಪೊಮೇಸ್’ ಅಂತ ಇದ್ದರೆ ಅದು ಆಲಿವ್ ಹಿಂಡಿಯಿಂದ ರಾಸಾಯನಿಕ ಹಾಕಿ ತೆಗೆದದ್ದು. ಅಗ್ಗ ಅಂತ ಒಂದು ವರ್ಷ ಅದನ್ನೇ ತಂದಿದ್ದೆ, ಬೇಜಾರಾಯಿತು. ಗಾಢ ಬಣ್ಣದ ಗಾಜಿನ ಸಣ್ಣ ಬಾಟಲಿ ತನ್ನಿ. ಒಲೆ ಪಕ್ಕ ಇಟ್ಟರೆ ಬೇಗ ಕಮಟು ವಾಸನೆ ಬರುತ್ತದೆ.

ವಿದ್ಯಾನಗರ, ದಾವಣಗೆರೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಾವೂ ನಾಲ್ಕೇ ಜನ. ನಮ್ಮ ಡಬ್ಬದ ಮೇಲೆ ಈಗಷ್ಟೇ ತಾರೀಖು ಬರೆದೆ. ಖಾಲಿಯಾದ ದಿನ ಇಲ್ಲೇ ಹೇಳುತ್ತೇನೆ.