ಆರೋಗ್ಯ ವೆಚ್ಚದಲ್ಲಿ ನಮ್ಮ ಕಿಸೆಯ ಪಾಲು ನಿಜಕ್ಕೂ ಇಳಿದಿದೆಯಾ?

ಕೊಡಿಯಾಲ್‌ಬೈಲ್ ಓದುಗ:
ದೇಶದ ಆರೋಗ್ಯಕ್ಕೆ ಯಾರು ಎಷ್ಟು ಖರ್ಚು ಮಾಡಿದರು ಎಂದು ಕೇಂದ್ರ ಸರ್ಕಾರ ಹಾಕುವ ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ ಒಟ್ಟು ವೆಚ್ಚದಲ್ಲಿ ಜನ ಕಿಸೆಯಿಂದ ಕೊಡುವ ಪಾಲು 2013-14ರಲ್ಲಿ 64.2% ಇತ್ತು, 2021-22ಕ್ಕೆ 39.4%. ಮಂಗಳೂರಿನ ಆಸ್ಪತ್ರೆ ಬಿಲ್ಲು ನೋಡಿದರೆ ನಂಬಲಿಕ್ಕೆ ಆಗುವುದಿಲ್ಲ. ಬಿ.ಎ. ಮಕ್ಕಳಿಗೆ ಪಾಠ ಮಾಡಲಿಕ್ಕುಂಟು, ಹೇಗೆ ವಿವರಿಸುವುದು?

ಲೆಕ್ಕಪತ್ರ ಉಡುಪಿ:
ಶೇಕಡಾ ಬಿಟ್ಟು ರೂಪಾಯಿಗೆ ಬನ್ನಿ. 2013-14ರಲ್ಲಿ ತಲಾ ಒಟ್ಟು ವೆಚ್ಚ 3,638 ರೂ., ಅದರಲ್ಲಿ ಕಿಸೆಯದ್ದು 2,336. 2021-22ರಲ್ಲಿ ಒಟ್ಟು 6,602, ಕಿಸೆಯದ್ದು ಸುಮಾರು 2,600. ಅಂದರೆ ನಮ್ಮ ರೂಪಾಯಿ ಇಳಿದೇ ಇಲ್ಲ. ಸರ್ಕಾರದ್ದು ತಲೆಗೆ 1,040ರ ಆಸುಪಾಸಿನಿಂದ 3,169ಕ್ಕೆ ಏರಿದ್ದಕ್ಕೆ ನಮ್ಮ ಪಾಲು ಸಣ್ಣದಾಗಿ ಕಾಣುತ್ತದೆ. ಬೆಲೆಯೇರಿಕೆ ಕಳೆದರೆ ಕಿಸೆಯ ಹೊರೆ ತಗ್ಗಿದೆ, ಸರಿ. ಆದರೆ ಇದು ಸರಾಸರಿ. ವರ್ಷವಿಡೀ ಆಸ್ಪತ್ರೆ ಮೆಟ್ಟಿಲು ಹತ್ತದವರೂ ಇದರೊಳಗೆ ಸೇರಿದ್ದಾರೆ, ಬಿಲ್ಲು ಬರುವುದು ಹತ್ತಿದವರಿಗೆ.

ಬಿಲ್ಲಿಂಗ್ ಕೌಂಟರ್:
ಮಕ್ಕಳು ಎಡವುವುದು ಇಲ್ಲಿ: ಚಿಕಿತ್ಸೆ ಎಲ್ಲಿ ಆಯಿತು ಎಂಬುದು ಬೇರೆ, ಹಣ ಯಾರದ್ದು ಎಂಬುದು ಬೇರೆ. ಜಿಲ್ಲಾ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ನಿಂದ ರೆಫರ್ ಆದ ಬಿಪಿಎಲ್ ರೋಗಿಗೆ ದೇರಳಕಟ್ಟೆಯ ಖಾಸಗಿ ಆಸ್ಪತ್ರೆಯಲ್ಲಿ ಸರ್ಕಾರದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆಪರೇಷನ್ ಆದರೆ ಅದು ಸರ್ಕಾರದ ವೆಚ್ಚ. ಎಪಿಎಲ್‌ನವರಿಗೆ ಯೋಜನೆ ಕೊಡುವುದು ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರದ, 30% ಮಾತ್ರ. 1 ಲಕ್ಷದ ಪ್ಯಾಕೇಜಿಗೆ 30,000 ಸರ್ಕಾರದ್ದು. ಬೇರೆ ವಿಮೆ ಇಲ್ಲದಿದ್ದರೆ ಉಳಿದ 70,000 ಕಿಸೆಯದ್ದು. ಇನ್ನೊಂದು, ನೀವು ಕಟ್ಟುವ ಮೆಡಿಕ್ಲೇಮ್ ಪ್ರೀಮಿಯಂ ಕಿಸೆಯ ವೆಚ್ಚದಲ್ಲಿ ಬರುವುದೇ ಇಲ್ಲ, ಖಾಸಗಿ ವಿಮೆಯ ಸಾಲಿಗೆ ಹೋಗುತ್ತದೆ. ಒಟ್ಟು ವೆಚ್ಚದಲ್ಲಿ ಆ ಸಾಲು 2013-14ರ 3.4%ದಿಂದ 2021-22ಕ್ಕೆ 7.4%ಕ್ಕೆ ಏರಿದೆ. ಕೊಟ್ಟವರು ನಾವೇ ಅಲ್ವಾ ಮಾರಾಯ್ರೇ!

ಕೊಡಿಯಾಲ್‌ಬೈಲ್ ಓದುಗ:
ಪ್ರೀಮಿಯಂ ವಿಷಯ ಗೊತ್ತಿರಲಿಲ್ಲ, ಉಪಕಾರ ಆಯ್ತು. ಒಟ್ಟು ಆರೋಗ್ಯ ವೆಚ್ಚ 2021-22ರಲ್ಲಿ ಜಿಡಿಪಿಯ 3.83% ಅಂತೆ, ಆ ಪಾಲನ್ನು ಬೇರೆ ದೇಶಗಳ ಜೊತೆ ಹೋಲಿಸಬಹುದಾ?

ಲೆಕ್ಕಪತ್ರ ಉಡುಪಿ:
ಹೋಲಿಸಬಹುದು, ಆದರೆ ಒಂದೇ ಅಳತೆಗೋಲು ಹಿಡಿಯಿರಿ. ನಮ್ಮ 3.83%ರಲ್ಲಿ ಕಟ್ಟಡ, ಯಂತ್ರಗಳಂಥ ಬಂಡವಾಳ ವೆಚ್ಚವೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿರುವುದು ಚಾಲ್ತಿ ವೆಚ್ಚ, ಅಂದರೆ ಬಂಡವಾಳ ಬಿಟ್ಟು ಉಳಿದ ದಿನನಿತ್ಯದ ಖರ್ಚು ಮಾತ್ರ. ನಮ್ಮಲ್ಲಿ ಅದು ಒಟ್ಟಿನ 87.3%, ಜಿಡಿಪಿಯ ಸುಮಾರು 3.3%. ಪಾಲು ದೊಡ್ಡದಾದರೆ ಒಳ್ಳೆಯದು ಅಂತಲೂ ಅಲ್ಲ: ಅಮೆರಿಕದ್ದು 2023ರಲ್ಲಿ ಬಂಡವಾಳ ವೆಚ್ಚವೂ ಸೇರಿ 17.6%, ಅಲ್ಲಿ ಒಂದೊಂದು ಚಿಕಿತ್ಸೆಯ ದರವೇ ವಿಪರೀತ. ನಮಗೆ ಮುಖ್ಯ ಸರ್ಕಾರದ ವೆಚ್ಚ. ಅದು 2013-14ರಲ್ಲಿದ್ದ ಜಿಡಿಪಿಯ 1.15%ದಿಂದ 2021-22ರಲ್ಲಿ 1.84%ಕ್ಕೆ ಬಂದಿದೆ, 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ಕ್ಕೆ 2.5% ಎಂದಿತ್ತು.

ಬೋರ್ಡಿನಲ್ಲಿ ಬರೆಯುವಾಗ ಎರಡು ವಿಷಯ ಪಕ್ಕದಲ್ಲೇ ಗುರುತು ಹಾಕಿ. 2021-22 ಕೋವಿಡ್ ವರ್ಷ, ಲಸಿಕೆಯ ಖರ್ಚು ಸರ್ಕಾರದ ಲೆಕ್ಕದಲ್ಲಿದೆ. ಕಿಸೆಯ ಅಂಕಿಗೆ ಆಧಾರ 2017-18ರ ಮನೆಮನೆ ಸಮೀಕ್ಷೆ. ಅದನ್ನೇ ಮುಂದಿನ ವರ್ಷಗಳಿಗೆ ಹಿಗ್ಗಿಸಿದ್ದಾರೆ. ದುಡ್ಡಿಲ್ಲದೆ ಚಿಕಿತ್ಸೆಯನ್ನೇ ಬಿಟ್ಟವರ ಖರ್ಚು ಅದರಲ್ಲಿ ಸೊನ್ನೆ.